ಜೋರ್ಕಾ ಬಾಕಾಳ ಹಿತ್ತಿಲು

ಬೇರಲ್ಲ ಅದು, ಬೇರು ಅಷ್ಟು ಕೆಂಪಗಿರುವುದಿಲ್ಲ — ಗುಂಡಿಯ ಗೋಡೆಯ ಬುಡದಲ್ಲಿ, ನೆಲಮಟ್ಟದಿಂದ ಒಂದೂವರೆ ಅಡಿ ಕೆಳಗೆ, ಬೂದು ಮಣ್ಣಿನಿಂದ ಒಂದಿಂಚು ಹೊರಗೆ ಇಣುಕುತ್ತಿರುವುದು ದಾರ, ಉಣ್ಣೆಯ ದಾರ, ಇರಲಿ ಬಿಡು, ಅರವತ್ತು ವರ್ಷ ಜನ ಬಾಳಿದ ಹಿತ್ತಿಲಲ್ಲಿ ಏನು ಬೇಕಾದರೂ ಸಿಗುತ್ತದೆ, ಹೋದ ವರ್ಷ ಮೂರನೇ ಬೀದಿಯಲ್ಲಿ ಇಡೀ ಸೈಕಲ್ಲೇ ಸಿಕ್ಕಿತ್ತು, ಅದರ ಹಿಂದಿನ ವರ್ಷ ಯಾರದ್ದೋ ಕಟ್ಟಿಸಿದ ಹಲ್ಲು, ಮೇಸ್ತ್ರಿ ಡ್ವೇನ್ ಅದನ್ನು ತೊಳೆದು ಒರೆಸಿ ಬೀದಿಯ ಒಂದೊಂದೇ ಬಾಗಿಲು ತಟ್ಟಿ ನಿಮ್ದಾ, ನಿಮ್ದಾ ಅಂತ ಕೇಳಿಕೊಂಡು ಹೋಗಿದ್ದ — ಮಾರ್ಲಿಸ್ ಹೌಗೆನ್ ಮಂಡಿಯ ಕೆಳಗಿನ ಸ್ಪಂಜನ್ನು ಸರಿಮಾಡಿಕೊಂಡು ಯಂತ್ರದ ಮೂತಿಯನ್ನು ಗುಂಡಿಯ ತಳಕ್ಕೆ ಒತ್ತಿ ಹಿಡಿದಳು, ನೋಡಲು ಪಿಸ್ತೂಲಿನ ಹಾಗಿದೆ, ಊರವರು ಅದನ್ನು ಪಿಸ್ತೂಲು ಅಂತಲೇ ಕರೆಯುವುದು, ಮಣ್ಣಿಗೆ ಮೂತಿಯಿಟ್ಟು ಒಂದು ನಿಮಿಷ ಅಲುಗಾಡದೆ ಕೂತರೆ ಮಕ್ಕಳ ಮಿದುಳಿಗೆ ವಿಷವಾದ ಸೀಸ ಇಲ್ಲಿ ಇಷ್ಟಿದೆ ಎಂದು ಅಂಕಿ ತೋರಿಸುತ್ತದೆ, ನಾನೂರರೊಳಗೆ ಬಂದರೆ ಮಣ್ಣು ಪಾಸು, ಮೇಲೆ ಹೋದರೆ ಫೇಲು, ಆ ಒಂದು ನಿಮಿಷ ಅವಳಿಗೆ ಇಷ್ಟ, ಹತ್ತೊಂಬತ್ತು ವರ್ಷದಿಂದ ಇಷ್ಟ, ಏನೂ ಮಾಡುವ ಹಾಗಿಲ್ಲ, ಸುಮ್ಮನೆ ಕೂರಬೇಕು, ಕುತ್ತಿಗೆಯ ಮೇಲೆ ಸೆಪ್ಟೆಂಬರಿನ ಎಳೆಬಿಸಿಲು, ಮೂಗಿನ ತುಂಬ ಹಸಿಮಣ್ಣಿನ ವಾಸನೆ, ಪಡುವಣ ಬೆಟ್ಟದ ನೆತ್ತಿಗೆ ಆಗಲೇ ಹಿಮದ ಒಂದು ಗೀಟು, ಕಾಲೇಜಿಗೆ ಕಳಿಸಿದ್ದು ಮಣ್ಣು ಕೆದಕೋದಕ್ಕಾ, ಅದನ್ನ ಇಲ್ಲೇ ಮಾಡ್ಬೋದಿತ್ತಲ್ಲೇ, ಅಂತ ಅಮ್ಮ ಅನ್ನುತ್ತಿದ್ದದ್ದು, ಉತ್ತರದ ಗೋಧಿ ಹೊಲದ ಅಂಚಿನಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತುಕೊಂಡು, ನಿಜವೇ ಅಮ್ಮ, ನಾನು ಮಣ್ಣು ಕೆದಕುವವಳೇ, ಅರವತ್ತೊಂದರ ಮಂಡಿ ಕಟಕಟ ಅನ್ನುತ್ತದೆ, ಉಗುರಿನ ಸಂದು ಎಂದೂ ಬೆಳ್ಳಗಾಗಲಿಲ್ಲ, ಆದರೂ ಈ ಊರಲ್ಲಿ, ಹಾಲೋವೇ ಗಲ್ಚಿನಲ್ಲಿ, ಸಾವಿರದ ನೂರ ಹನ್ನೆರಡು ಹಿತ್ತಿಲುಗಳಲ್ಲಿ ಮಕ್ಕಳು ಕೈಯಲ್ಲಿ ಮಣ್ಣು ಮೆತ್ತಿಕೊಂಡು ಅದೇ ಕೈಯಲ್ಲಿ ಬಿಸ್ಕತ್ತು ತಿನ್ನುತ್ತವೆ, ತಾಯಂದಿರು ಬೈಯುವುದು ಬರೀ ಕೊಳೆಯೆಂದು, ಅಷ್ಟು ಸಾಕಪ್ಪ ನನಗೆ, ಇದು ಸಾವಿರದ ನೂರ ಹದಿಮೂರನೆಯದು, ಕಡೆಯದು, ಇದಾದ ಮೇಲೆ ಆಫೀಸಿನವರು ಕೇಕು ಕತ್ತರಿಸಿ ಒಂದು ಗಡಿಯಾರ ಕೊಟ್ಟು ಮನೆಗೆ ಕಳಿಸುತ್ತಾರೆ. ನಾಲ್ಕು ಮೂಲೆಗಳಲ್ಲಿ ಮೂರು ಪಾಸಾಗಿವೆ, ನಾಲ್ಕನೆಯದು ಇದು.

ಎರಡು ಸಾವಿರದ ಒಂಬೈನೂರ ಅರವತ್ತು — ಇಲ್ಲ, ಕೈ ಅಲುಗಿರಬೇಕು, ಇನ್ನೊಮ್ಮೆ, ಇನ್ನೊಂದು ನಿಮಿಷ, ಮೂರು ಸಾವಿರದ ಹತ್ತು, ಅಯ್ಯೋ ದೇವರೇ ಎಂದುಕೊಳ್ಳುವಷ್ಟರಲ್ಲಿ ಮೇಲೆ ಮಣ್ಣು ಅಗೆಯುವ ಯಂತ್ರದ ಸೀಟಿನಿಂದ ಡ್ವೇನ್ ಕುತ್ತಿಗೆ ಚಾಚಿದ, ಗುತ್ತಿಗೆದಾರರ ಕಡೆಯ ಮೇಸ್ತ್ರಿ ಅವನು, ಮೊದಲ ಹಿತ್ತಿಲಿನಿಂದಲೂ ಜೊತೆಗಿದ್ದವನು, ಮಣ್ಣಿನ ಡಾಕ್ಟ್ರೇ, ಏನಂತೆ ನಿಮ್ಮ ಪಿಸ್ತೂಲು, ಫೇಲು ಕಣೋ, ಫೇಲಾದ್ರೆ ಏನಂತೆ, ಒಂದೂವರೆ ಅಡಿ ಅಗೆದಾಯ್ತು, ಕಿತ್ತಳೆ ಬಟ್ಟೆ ಹಾಸಿ ಮುಚ್ಚಿಬಿಡೋಣ, ಹೊಸಮಣ್ಣಿನ ಲಾರಿ ಎರಡು ಬೆಳಿಗ್ಗೆಯಿಂದ ನಿಂತಿವೆ, ಡ್ರೈವರ್‌ಗಳು ತಿಂದು ತಿಂದು ನನ್ನ ಡೋನಟ್ ಡಬ್ಬ ಖಾಲಿ ಮಾಡಿದ್ದಾರೆ, ಹಾಸ್ಬಿಡಿ, ಇವತ್ತಿಗೆ ಊರೇ ಮುಗೀತು, ಬೀರು ನಂದು. ಅವನು ಹೇಳುವುದರಲ್ಲಿ ತಪ್ಪಿಲ್ಲ, ನಿಯಮವೇ ಹಾಗಿದೆ, ಒಂದೂವರೆ ಅಡಿ ಅಗೆದ ಮೇಲೂ ಕೆಳಗೆ ಸೀಸ ಉಳಿದಿದ್ದರೆ ಗುಂಡಿಯ ತಳಕ್ಕೆ ಕಿತ್ತಳೆ ಬಣ್ಣದ ಬಟ್ಟೆ ಹಾಸಿ ಮೇಲೆ ಹೊಸಮಣ್ಣು ತುಂಬಬೇಕು, ಮುಂದೆ ಯಾರಾದರೂ ಗುದ್ದಲಿ ಹಾಕಿದಾಗ ಕಿತ್ತಳೆ ಕಂಡರೆ ಅಲ್ಲಿಗೆ ನಿಲ್ಲಿಸಬೇಕು, ಒಳ್ಳೆಯ ನಿಯಮ, ಅದನ್ನು ಬರೆದ ಸಮಿತಿಯಲ್ಲಿ ಅವಳೇ ಕೂತಿದ್ದಳು, ಇನ್ನೂರು ಹಿತ್ತಿಲುಗಳಲ್ಲಿ ಅವಳೇ ಹಾಸಿಸಿದ್ದಾಳೆ, ಆದರೆ ಆ ಇನ್ನೂರರಲ್ಲಿ ಸೀಸ ಎಲ್ಲ ಕಡೆಗೂ ಒಂದೇ ಸಮನೆ ಇಳಿದಿತ್ತು, ಹಿಂದೆ ಇಲ್ಲಿದ್ದ ಸೀಸ ಕರಗಿಸುವ ಕುಲುಮೆಯ ಹೊಗೆ ಜರಡಿ ಹಿಡಿದ ಹಿಟ್ಟಿನ ಹಾಗೆ ಊರ ಮೇಲೆ ಉದುರಿದ್ದು, ಮೇಲೆ ದಪ್ಪ, ಕೆಳಗಿಳಿದ ಹಾಗೆ ತೆಳು, ಇಲ್ಲಿ ನೋಡಿದರೆ ಮೂರು ಮೂಲೆ ಅಪ್ಪಟ, ಈ ಒಂದೇ ಮೂಲೆಯಲ್ಲಿ ಕೆಳಗೆ ಹೋದಷ್ಟೂ ಜಾಸ್ತಿ, ಹೊಗೆ ಹೀಗೆ ಮಾಡುವುದಿಲ್ಲ, ಇದು ಬಿದ್ದದ್ದಲ್ಲ, ಯಾರೋ ಇಟ್ಟದ್ದು. ಅಷ್ಟು ಹೊಳೆಯುತ್ತಿದ್ದ ಹಾಗೆ ಅಡುಗೆಮನೆಯ ಕಿಟಕಿ ದಡಾರನೆ ತೆರೆದುಕೊಂಡಿತು, ಸಾಕು ಬಿಡೇ ಸರ್ಕಾರ, ಅಗೆದದ್ದು ಸಾಕು, ಹಾಸು ನಿನ್ನ ಕಿತ್ತಳೆ ಬಟ್ಟೆ, ಮುಚ್ಚು, ಅಂತ ಮನೆಯೊಡತಿ ಜೋರ್ಕಾ ಬಾಕಾ ಕೂಗಿದಳು, ಮಾರ್ಲಿಸ್‌ಳನ್ನು ಅವಳು ಕರೆಯುವುದೇ ಸರ್ಕಾರ ಎಂದು.

ಜೋರ್ಕಾ ಬಾಕಾ! ಕಿತ್ತಳೆ ಬಟ್ಟೆ ಹಾಸು ಅಂತ ಈ ಬಾಯಲ್ಲಿ! — ಮಾರ್ಲಿಸ್‌ಗೆ ನಗು ಬಂತು, ಆಮೇಲೆ ಬರಲಿಲ್ಲ, ಹತ್ತೊಂಬತ್ತು ವಸಂತಗಳಲ್ಲಿ ಈ ಮನೆಯ ಮೆಟ್ಟಿಲು ಹತ್ತಿ ಒಪ್ಪಿಗೆ ಪತ್ರ ಮುಂದಿಟ್ಟಾಗಲೆಲ್ಲ ಬಾಕಾ ಹೇಳಿದ್ದು ಒಂದೇ ಮಾತು, ನನ್ನ ಹಿತ್ತಿಲಿಗೆ ಕೈ ಹಚ್ಚಬೇಡ, ಕಾರಣ ಏನು ಬಾಕಾ ಅಂದರೆ ಆ ಕಿತ್ತಳೆ ಬಟ್ಟೆ, ಪಕ್ಕದ ಮನೆಯೋಳು ಗುಲಾಬಿ ಗಿಡ ನೆಡೋಕೆ ಹೋದ್ರೆ ಹೆಣದ ಬಟ್ಟೆ ಥರ ಮೇಲೆ ಬಂತು, ನನ್ನ ಕಾಲ ಕೆಳಗೆ ಅಂಥದ್ದು ಬೇಡ, ಅಷ್ಟು ಹೇಳಿ ಪತ್ರವನ್ನು ಬದಿಗೆ ಸರಿಸಿ ಪೊವಿಟಿತ್ಸಾ ಕತ್ತರಿಸುವುದು, ಅಕ್ರೋಟು ಮತ್ತು ಜೇನು ಸವರಿ ಸುರುಳಿ ಸುತ್ತಿದ ರೊಟ್ಟಿ, ಒಂದು ತುಂಡು ತಿಂದು ಮುಗಿಸುವ ಮುಂಚೆ ಇನ್ನೊಂದು ತಟ್ಟೆಗೆ ಬೀಳುತ್ತದೆ, ತಿನ್ನು, ಸರ್ಕಾರ ನಿಂಗೆ ಊಟ ಹಾಕಲ್ವಾ, ಎಷ್ಟು ಸೊರಗಿದ್ದೀಯ, ಕ್ರೊಯೇಷಿಯಾದಿಂದ ಬಂದು ಕುಲುಮೆ ಸೇರಿದವರ ಮನೆಗಳಲ್ಲೆಲ್ಲ ಇದೇ ಉಪಚಾರ, ಅವರ ಮಾತಿನಲ್ಲಿ ಬಾಕಾ ಅಂದರೆ ಅಜ್ಜಿ, ಊರಿಗೆಲ್ಲ ಇವಳು ಬಾಕಾ, ಮೊದಮೊದಲು ಮಾರ್ಲಿಸ್ ಮಿಸೆಸ್ ಪೆರ್ಕೊವಿಚ್ ಅನ್ನುತ್ತಿದ್ದಳು, ಮೂರನೇ ವರ್ಷಕ್ಕೆ ಅವಳ ಬಾಯಲ್ಲೂ ಬಾಕಾ ಬಂತು, ಏಳನೇ ವರ್ಷ ಪತ್ರ ತರುವುದನ್ನೇ ಮರೆತು ಬರೀ ರೊಟ್ಟಿ ತಿಂದು ಹೋಗಿದ್ದಳು, ಆಫೀಸಿನಲ್ಲಿ ಮೇಲಧಿಕಾರಿ ಒಪ್ಪಿದಳೇನ್ರೀ ಮುದುಕಿ ಎಂದಾಗಲೇ ನೆನಪಾದದ್ದು. ಈ ವರ್ಷ ಮಾತ್ರ ಬಾಕಾಳೇ ಫೋನು ಮಾಡಿದಳು, ಬಾ, ತಗೊಂಡು ಬಾ ನಿನ್ನ ಕಾಗದ, ನಂಗೆ ಎಂಬತ್ತನಾಲ್ಕಾಯ್ತು, ನಾನು ಹೋದ್ಮೇಲೆ ನಿಕೋಲ ಒಬ್ಬನೇ ಇರ್ತಾನೆ, ನೀವೆಲ್ಲ ಗಂಟುಮೂಟೆ ಕಟ್ಕೊಂಡು ಹೋಗಿರ್ತೀರಿ, ಅವನು ಯಾರನ್ನ ಕೇಳ್ತಾನೆ, ಅಂತ ಸಹಿ ಹಾಕಿ ಪೆನ್ನನ್ನು ಮೇಜಿನ ಮೇಲೆ ಕುಕ್ಕಿದಳು, ನಿಕೋಲ ಅವಳ ಒಬ್ಬನೇ ಮಗ, ಐವತ್ತಾರರವನು, ಊರಿನ ದಿನಸಿ ಅಂಗಡಿಯಲ್ಲಿ ಗಿರಾಕಿಗಳ ಸಾಮಾನನ್ನು ಚೀಲಕ್ಕೆ ತುಂಬಿ ಅವರವರ ಕಾರಿನ ತನಕ ಹೊತ್ತು ಕೊಡುವವನು, ಯಾರ ಕಾರು ಯಾವುದು, ಯಾರಿಗೆ ಮೊಟ್ಟೆ ಮೇಲಿಡಬೇಕು, ಯಾರ ನಾಯಿಗೆ ಏನು ಹೆಸರು ಎಲ್ಲ ಅವನಿಗೆ ಗೊತ್ತು, ಓದುವುದು ಮಾತ್ರ ಹತ್ತಲಿಲ್ಲ, ಎರಡನೇ ಕ್ಲಾಸಿನಲ್ಲಿ ಮೂರು ವರ್ಷ ಕೂತು ಎದ್ದು ಬಂದವನು. ಪತ್ರ ತೆಗೆದುಕೊಂಡು ಹೊರಟಾಗ ಆ ದಿನ ಮಾರ್ಲಿಸ್ ಮೆಟ್ಟಿಲಿಳಿದದ್ದು ಹಾರಿಕೊಂಡೇ.

ಈಗ ಅದೇ ಬಾಕಾ ಮುಚ್ಚು ಮುಚ್ಚು ಅನ್ನುತ್ತಾಳೆ — ಮಾರ್ಲಿಸ್ ಕೈಗರಣೆಯ ತುದಿಯಿಂದ ದಾರದ ಸುತ್ತಲಿನ ಮಣ್ಣನ್ನು ಮೆಲ್ಲಗೆ ಬಿಡಿಸಿದಳು, ದಾರದ ಹಿಂದೆ ಬಟ್ಟೆ, ಬಟ್ಟೆಯಲ್ಲ ಕಂಬಳಿ, ಬೂದು ಬಣ್ಣದ್ದು, ಬೆರಳು ದಪ್ಪದ ಉಣ್ಣೆ, ಅಂಚಿನ ಉದ್ದಕ್ಕೂ ಕೆಂಪು ದಾರದ ಹೊಲಿಗೆ, ಸಣ್ಣಸಣ್ಣ ಸಮನಾದ ಹೊಲಿಗೆ, ಪುಟ್ಟದು, ದೊಡ್ಡವರು ಹೊದೆಯುವ ಅಳತೆಯದಲ್ಲ, ಆ ನೇಯ್ಗೆ ಅವಳಿಗೆ ಗೊತ್ತು, ಈ ಊರಲ್ಲಿ ಕೆಲಸ ಮಾಡಿದ ಯಾರಿಗೂ ಗೊತ್ತು, ಕುಲುಮೆಯ ಪಕ್ಕದಲ್ಲಿ ಚೀಲದ ಮನೆ ಅಂತ ಒಂದಿತ್ತು, ಹೊಗೆ ಚಿಮಣಿ ಹತ್ತುವ ಮುಂಚೆ ಅಲ್ಲಿ ತೂಗುಹಾಕಿದ ಸಾವಿರಾರು ಉಣ್ಣೆಯ ಚೀಲಗಳ ಮೂಲಕ ಹಾದು ಹೋಗಬೇಕು, ಸೀಸದ ಧೂಳು ಚೀಲದಲ್ಲಿ ನಿಲ್ಲುತ್ತದೆ, ಚೀಲ ಹಳತಾದರೆ ಎಸೆಯುತ್ತಾರೆ, ಎಸೆಯುವ ಬದಲು ಗಂಡಸರು ಮನೆಗೆ ತರುತ್ತಿದ್ದರು, ಅಪ್ಪಟ ಉಣ್ಣೆ ಬಿಟ್ಟಿ ಸಿಗುವಾಗ ಯಾರು ಬಿಡುತ್ತಾರೆ, ಹೆಂಗಸರು ಅದನ್ನು ಒಗೆದು ಕಂಬಳಿ ಹೊಲಿದರು, ಕೋಟಿನ ಒಳಪದರ ಮಾಡಿದರು, ಹಿಮ ತಾಗದಂತೆ ಟೊಮೇಟೊ ಗಿಡಗಳಿಗೆ ಹೊದಿಸಿದರು, ಬೇರೆ ಯಾವ ಊರಿನವರೂ ಇಂಥ ತಪ್ಪು ಮಾಡಲು ಸಾಧ್ಯವೇ ಇಲ್ಲ, ಬೇರೆ ಊರುಗಳಲ್ಲಿ ಆ ಚೀಲ ಎಲ್ಲಿತ್ತು, ಅವಳು ಈ ಕೆಲಸಕ್ಕೆ ಬರುವ ಎಷ್ಟೋ ಮೊದಲು ಆರೋಗ್ಯ ಇಲಾಖೆಯವರು ಮನೆಮನೆಗೆ ಹೋಗಿ ಮಕ್ಕಳ ರಕ್ತ ತೆಗೆದು ಒಂದು ಪ್ರಶ್ನೆಪಟ್ಟಿ ತುಂಬಿಸಿದ್ದರು, ಹದಿನಾಲ್ಕನೇ ಪ್ರಶ್ನೆ, ನಿಮ್ಮ ಮನೆಯಲ್ಲಿ ಚೀಲದ ಕಂಬಳಿ ಇದೆಯೇ ಅಥವಾ ಹಿಂದೆ ಇತ್ತೇ, ಆ ಹಳೆಯ ಹಾಳೆಗಳನ್ನೆಲ್ಲ ಪೆಟ್ಟಿಗೆಯಿಂದ ತೆಗೆದು ಎರಡು ಚಳಿಗಾಲ ಕೂತು ಪಟ್ಟಿ ಮಾಡಿದ್ದು ಇದೇ ಮಾರ್ಲಿಸ್, ಪೆರ್ಕೊವಿಚ್ ಮನೆಯ ಹಾಳೆಯೂ ಅದರಲ್ಲಿತ್ತು, ಹದಿನಾಲ್ಕರ ಮುಂದೆ ಇಲ್ಲ ಎಂದು ಬರೆದಿತ್ತು. ಅವಳು ಕೈಗರಣೆಯನ್ನು ಕೆಳಗಿಟ್ಟು ಡ್ವೇನ್‌ಗೆ ಲಾರಿಯವರನ್ನು ಕರೆದುಕೊಂಡು ಹೋಗಿ ಕಾಫಿ ಕುಡಿಸಿಕೊಂಡು ಬಾ ಅಂದಳು.

ಹಾಸಿಬಿಡಲೇ — ಎಷ್ಟು ಸುಲಭ, ನಿಯಮ ಬಿಡುತ್ತದೆ, ಮುದುಕಿ ಬೇಡುತ್ತಿದ್ದಾಳೆ, ಕಿತ್ತಳೆ ಬಟ್ಟೆಯ ಕೆಳಗೆ ಆ ಕಂಬಳಿ ಸುಮ್ಮನೆ ಮಲಗಿರುತ್ತದೆ, ಮೂರು ಗಂಟೆಗೆ ಹೊಸಮಣ್ಣು, ನಾಲ್ಕಕ್ಕೆ ಹುಲ್ಲಿನ ಹಾಸು, ಐದಕ್ಕೆ ಡ್ವೇನ್‌ನ ಬೀರು, ಯಾರಿಗೂ ಏನೂ ಗೊತ್ತಾಗುವುದಿಲ್ಲ, ಮುಂದೊಂದು ದಿನ ನಿಕೋಲ ಈ ಮೂಲೆಯಲ್ಲಿ ಗುದ್ದಲಿ ಹಾಕುವ ತನಕ, ಅವನಿಗೆ ಹಿತ್ತಿಲೆಂದರೆ ಪ್ರಾಣ, ಅಗೆಯುವಾಗ ಕಿತ್ತಳೆ ಬಟ್ಟೆ ಕಂಡರೆ ನಿಲ್ಲಿಸಬೇಕೆಂದು ಎಷ್ಟು ಸಲ ಹೇಳಿದರೂ ಅದು ನೆನಪಿರುತ್ತದೋ ಇಲ್ಲವೋ, ಮೂರು ಸಾವಿರದ ಮಣ್ಣಿನಲ್ಲಿ ಕೈಯಾಡಿಸಿ ಅದೇ ಕೈಯಲ್ಲಿ ಗಿರಾಕಿಗಳ ಬ್ರೆಡ್ಡನ್ನು ಚೀಲಕ್ಕೆ ತುಂಬುತ್ತಾನೆ, ಇಲ್ಲ, ಆಗದು, ತೆಗೆಯಲೇಬೇಕು, ತೆಗೆಯಬೇಕೆಂದರೆ ಅವಳೆದುರಿಗೇ ತೆಗೆಯಬೇಕು, ಮನಸ್ಸು ಗಟ್ಟಿಮಾಡಿಕೊಂಡು ತಲೆಯೆತ್ತಿದರೆ ಬಾಕಾ ಗುಂಡಿಯ ಅಂಚಿಗೆ ಬಂದು ನಿಂತಿದ್ದಾಳೆ, ಏಪ್ರನ್ ಮೇಲೆ ಹಿಟ್ಟು, ಕಾಲಿಗೆ ಮಗನ ದೊಡ್ಡ ಬೂಟು, ಅದನ್ನ ಎಳೀಬೇಡ ಅಂದೆ, ಅಂದಳು, ಜೋರಿಲ್ಲದ ದನಿಯಲ್ಲಿ, ಬಾಕಾ ಕೂತ್ಕೊಳ್ಳಿ, ಅಂತ ಮಾರ್ಲಿಸ್ ಬಕೆಟ್ಟನ್ನು ಬೋರಲು ಹಾಕಿಕೊಟ್ಟಳು, ಕೂತಳು, ಆ ಕೆಂಪು ಹೊಲಿಗೆಯನ್ನೇ ನೋಡುತ್ತ ಬಾಕಾ ಗುಂಡಿಗೆ ಹೇಳುವ ಹಾಗೆ ಹೇಳತೊಡಗಿದಳು, ಮಿಲೆ ತಂದಿದ್ದು ಕಣೇ ಅದನ್ನ, ನನ್ನ ಗಂಡ, ಹೊಸ ಹೊಸದಾಗಿ ಮದುವೆ ಆಗಿದ್ವಿ, ಮೂರು ಸಲ ಒಗೆದೆ, ನೀರು ತಿಳಿಯಾಗೋ ತನಕ ಒಗೆದೆ, ಎಂಟು ತಿಂಗಳ ಬಸುರಿ ಒಲೆ ಮುಂದೆ ಕೂತು ಹೊಲಿದೆ, ಮಗೂಗೆ ದೃಷ್ಟಿ ತಾಗ್ದೆ ಇರಲಿ ಅಂತ ಅಂಚಿಗೆಲ್ಲ ಕೆಂಪು ದಾರ ಹಾಕಿದೆ, ನಮ್ಮಮ್ಮ ಹೇಳ್ಕೊಟ್ಟಿದ್ದು, ಹುಟ್ಟಿದ ದಿನದಿಂದ ಅದರಲ್ಲೇ ಸುತ್ತಿದ್ದೆ, ಆ ಅಂಚನ್ನ ಬಾಯಲ್ಲಿಟ್ಕೊಂಡು ಚೀಪ್ತಾ ಚೀಪ್ತಾ ನಿದ್ದೆ ಹೋಗೋನು, ಗೊತ್ತಾಯ್ತಾ ನಿಂಗೆ, ಚೀಪ್ತಾ ಇದ್ದ, ಮೂರು ವರ್ಷ, ನಾನು ನೋಡಿ ಎಷ್ಟು ಮುದ್ದಾಗಿದ್ದಾನೆ ಅಂತ ಮಿಲೇನ ಕರೆದು ತೋರಿಸ್ತಿದ್ದೆ. ಆಮೇಲೆ ಆ ಆರೋಗ್ಯದೋರು ಬಂದು ಹದಿನೇಳು ಪ್ರಶ್ನೆ ಕೇಳಿದ್ರಲ್ಲ, ಚೀಲದ ಕಂಬಳಿ ಇದ್ಯಾ ಅಂದಾಗ ತಲೆ ಮೇಲೆ ಕಲ್ಲು ಬಿದ್ದ ಹಾಗಾಯ್ತು, ಇಲ್ಲ ಅಂದೆ, ಅವರು ಮೂಲೆ ತಿರುಗಿದ್ದೇ ತಡ ತಂದು ಇಲ್ಲಿ ಹೂತೆ, ಹುಡುಗನಿಗೆ ಓದು ಹತ್ತದೆ ಇದ್ದದ್ದು ನನ್ನಿಂದ, ಇದನ್ನ ನೀನು ಬರ್ಕೊಂಡ್ರೂ ಸರಿ, ಬಿಟ್ರೂ ಸರಿ. ಮಾತು ಮುಗಿಸಿ ಏಪ್ರನ್ನಿನ ಹಿಟ್ಟನ್ನು ಕೊಡವಿಕೊಂಡಳು.

ಹಾಗಾದರೆ ಹತ್ತೊಂಬತ್ತು ವರ್ಷದ ರೊಟ್ಟಿ ಇದಕ್ಕೆ, ಅಷ್ಟೂ ವರ್ಷ ನಾನು ಎದುರಿಗೆ ಕೂತು ಹಲ್ಲಿಗೆ ಸಿಕ್ಕಿದ ಅಕ್ರೋಟನ್ನು ನಾಲಿಗೆಯಲ್ಲಿ ತಡಕಿಕೊಂಡು ಇವಳದು ಬರೀ ಹಟ ಅಂದುಕೊಂಡು ಎದ್ದು ಹೋದೆನಲ್ಲ, ಬೆಪ್ಪು ನಾನು — ಏನಾದರೂ ಹೇಳಬೇಕು, ಕಂಬಳಿಯಿಂದ ಏನೂ ಆಗಿಲ್ಲ ಬಾಕಾ ಅಂದುಬಿಡಲೇ, ನಾಲಗೆಯ ತುದಿಗೆ ಬಂದಿದೆ, ಮುದುಕಿ ಇನ್ನೆಷ್ಟು ವರ್ಷ, ನೆಮ್ಮದಿಯಾಗಿರಲಿ, ಯಾರು ಬಂದು ಪರೀಕ್ಷೆ ಮಾಡುತ್ತಾರೆ, ಆದರೆ ಒಂದು ಸಲ ಸುಳ್ಳು ಅಂಕಿ ಹೇಳಿದರೆ ಈ ಬಾಯಿಂದ ಬಂದ ಸಾವಿರದ ನೂರ ಹನ್ನೆರಡು ಅಂಕಿಗಳ ಗತಿ ಏನು, ಅದೂ ಅಲ್ಲದೆ ಬಾಕಾ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದಾಳೆ, ಸುಳ್ಳು ಹೇಳ್ಬೇಡ ಸರ್ಕಾರ, ನಂಗೆ ಗೊತ್ತಾಗತ್ತೆ, ಸರಿ, ಹೇಳಲ್ಲ, ಕಂಬಳಿಯಿಂದ ಒಂದಷ್ಟು ಹೋಗಿರ್ಬೋದು ಬಾಕಾ, ಇಲ್ಲ ಅನ್ನಲ್ಲ, ನಿಕೋಲ ಮಗುವಾಗಿದ್ದಾಗ ಅವನ ರಕ್ತ ಯಾರೂ ನೋಡಿಲ್ಲ, ಆರೋಗ್ಯದೋರು ಬರೋ ಹೊತ್ತಿಗೆ ಅವನು ದೊಡ್ಡೋನಾಗಿದ್ದ, ಹಾಗಾಗಿ ಎಷ್ಟು ಅಂತ ನನಗೂ ಗೊತ್ತಿಲ್ಲ, ಇನ್ಯಾರಿಗೂ ಗೊತ್ತಿಲ್ಲ, ಆದ್ರೆ ಗೊತ್ತಿರೋದನ್ನ ಹೇಳ್ತೀನಿ ಕೇಳಿ, ಆಮೇಲೆ ಇದೇ ಬೀದಿಯ ನಲವತ್ತೊಂದು ಮಕ್ಕಳ ರಕ್ತ ತೆಗೆದ್ರು, ಅರ್ಧ ಮನೆಗಳಲ್ಲಿ ಕಂಬಳಿ ಇತ್ತು, ಅರ್ಧ ಮನೆಗಳಲ್ಲಿ ಇರಲಿಲ್ಲ, ಎರಡು ಕಡೆ ಮಕ್ಕಳ ರಕ್ತದಲ್ಲೂ ಸೀಸ ಹೆಚ್ಚುಕಮ್ಮಿ ಒಂದೇ, ಪಟ್ಟಿ ಮಾಡಿದ್ದು ನಾನೇ, ನಂಬಿಕೆ ಬರದೆ ಮೂರು ಸಲ ಮಾಡಿದೆ, ವ್ಯತ್ಯಾಸ ಬಂದಿದ್ದು ಚಿಮಣಿ ಎಷ್ಟು ಹತ್ತಿರ ಅನ್ನೋದರಲ್ಲಿ, ನಿಮ್ಮ ಮನೆ ಆ ಚಿಮಣಿಯ ಕೆಳಗೇ ಇತ್ತು, ಒಣಗ್ಹಾಕಿದ ಬಟ್ಟೆ ಮೇಲೆ, ತೊಟ್ಟಿಲ ಮೇಲೆ, ಅವನ ಬೆರಳ ಮೇಲೆ ದಿನಾ ಬೀಳ್ತಿತ್ತು, ನೀವು ಆ ಕಂಬಳಿ ಹೊಲೀದೇ ಇದ್ದಿದ್ರೂ. ಪಕ್ಕದ ಮನೆ ಮಕ್ಕಳಿಗೂ ಅಷ್ಟೇ ಇತ್ತಾ, ಅಂದಳು ಬಾಕಾ, ಅಷ್ಟೇ ಇತ್ತು, ಆ ಪೆಟ್ರೀನಾ ಮಕ್ಕಳಿಗೂ, ಅವಳು ಅಂಗಡಿಯಿಂದಾನೇ ಎಲ್ಲ ತರ್ತಿದ್ದಳಲ್ಲ, ಚೀಲ ಗೀಲ ಅಂದ್ರೆ ಮೂಗು ಮುರೀತಿದ್ದಳಲ್ಲ, ಅವರಿಗೂ ಅಷ್ಟೇ ಬಾಕಾ, ಆಗ ಮುದುಕಿಯ ಮುಖ ಕೆಂಪಡರಿತು, ಅಳುತ್ತಾಳೆಂದು ಮಾರ್ಲಿಸ್ ಕರವಸ್ತ್ರಕ್ಕೆ ತಡಕಿದರೆ ಬಾಕಾ ಕೈಯೆತ್ತಿ ಬೈದಳು, ಹಾಳಾದೋಳೇ, ಇದನ್ನ ಮುಂಚೇನೇ ಹೇಳೋದಲ್ವೇನೇ, ಹತ್ತೊಂಬತ್ತು ವರ್ಷ ನನ್ನ ರೊಟ್ಟಿ ತಿಂದೆಯಲ್ಲ, ನೀವು ಕೇಳಲೇ ಇಲ್ಲ ಬಾಕಾ, ಕೇಳೋದಂತೆ ಕೇಳೋದು, ಹೇಗೆ ಕೇಳ್ಲಿ, ಯಾವ ಬಾಯಲ್ಲಿ ಕೇಳ್ಲಿ — ಅಲ್ಲಿಗೆ ಕರವಸ್ತ್ರ ಬೇಕಾಯಿತು. ಮಾರ್ಲಿಸ್ ಗುಂಡಿಯೊಳಗೇ ನಿಂತು ಅವಳ ಮೊಣಕಾಲಿನ ಮೇಲೆ ಕೈಯಿಟ್ಟಳು.

ತೆಗಿ ಹಾಗಾದ್ರೆ, ಅಂದಳು ಬಾಕಾ ಮೂಗೊರೆಸಿಕೊಂಡು, ನಿಧಾನವಾಗಿ ತೆಗಿ, ಮಾರ್ಲಿಸ್ ಕೈಗರಣೆಯಲ್ಲಿ ಸುತ್ತಲೂ ಬಿಡಿಸಿ ಬಿಡಿಸಿ ಅದನ್ನು ಮಣ್ಣಿನಿಂದ ಎತ್ತಿದಾಗ ಮೊಲದ ಮರಿಯಷ್ಟೂ ಭಾರವಿರಲಿಲ್ಲ, ಅರ್ಧ ಕೊಳೆತಿತ್ತು, ಕೆಂಪು ಹೊಲಿಗೆ ಮಾತ್ರ ಗಟ್ಟಿ, ನಿಯಮದ ಪ್ರಕಾರ ನೇರ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಬೇಕು, ಒಂದ್ಸಲ ಮುಟ್ಲಾ, ಅಂತ ಬಾಕಾ, ನಿಯಮದ ಪ್ರಕಾರ ಬೇಡ ಅನ್ನಬೇಕು, ಮಾರ್ಲಿಸ್ ತನ್ನ ಪೆಟ್ಟಿಗೆಯಿಂದ ಹೊಸ ಕೈಗವಸು ತೆಗೆದು ಆ ಗಂಟುಗಂಟು ಬೆರಳುಗಳಿಗೆ ಒಂದೊಂದಾಗಿ ತೊಡಿಸಿ ಕಂಬಳಿಯನ್ನು ಅವಳ ಕೈಗೆ ಕೊಟ್ಟಳು, ಆಗಲೇ ಮನೆಯ ಪಕ್ಕದ ಗೇಟು ಕಿರ್ರೆಂದಿತು, ಮಧ್ಯಾಹ್ನದ ಊಟಕ್ಕೆ ನಿಕೋಲ, ಅಂಗಡಿಯ ಹಸಿರು ಏಪ್ರನ್ನಿನಲ್ಲೇ, ಕಾಲರಿನ ಒಂದು ಕಡೆ ಒಳಗೆ ಸೇರಿಕೊಂಡಿದೆ, ಹಾಯ್ ಮಾರ್ಲಿಸ್, ನಿಮ್ಮ ಕಾರಿನ ಹಿಂದಿನ ಚಕ್ರದಲ್ಲಿ ಗಾಳಿ ಕಮ್ಮಿ ಇದೆ, ಅಂದವನೇ ತಾಯಿಯ ಕೈ ನೋಡಿದ, ನೋಡಿ ಮುಖ ಅರಳಿತು, ಓ, ನನ್ನ ಕಂಬಳಿ, ನಿಂಗೆ ಹೇಗೋ ಗೊತ್ತು, ಅಂದಳು ಬಾಕಾ, ನೀನು ಹೂತಾಗ ನಾನು ಕಿಟಕೀಲಿ ನೋಡ್ದೆ ಅಮ್ಮಾ, ದೊಡ್ಡೋನಾದೆ ಅಂತ ಹೂತೆ ಅಂದ್ಕೊಂಡೆ, ನಿಂಗೆ ಅಳು ಬಂದಿತ್ತು, ಅದಕ್ಕೇ ನಾನು ಈ ಮೂಲೇಲಿ ಯಾವತ್ತೂ ಅಗೀಲೇ ಇಲ್ಲ, ಆಲೂಗಡ್ಡೇನೂ ಆ ಕಡೇನೇ ಹಾಕ್ತಿದ್ದೆ, ಎಲ್ಲಾದ್ರೂ ಮೇಲೆ ಬಂದು ನಿಂಗೆ ಮತ್ತೆ ಅಳು ಬಂದ್ರೆ ಅಂತ. ಬಾಕಾ ಕಂಬಳಿಯನ್ನು ಅವನೆದುರಿಗೆ ಹಿಡಿದಳು, ನಿಕೋಲ, ಇದರಲ್ಲಿ ವಿಷ ಇತ್ತು ಕಣೋ, ಕುಲುಮೇದು, ನಂಗೆ ಗೊತ್ತಿರಲಿಲ್ಲ, ನಿನ್ನ ಇದರಲ್ಲೇ ಸುತ್ತಿಟ್ಟಿದ್ದೆ, ನಿಂಗೆ ಓದು ಬರ್ದೆ ಇದ್ದಿದ್ದು ಇದರಿಂದಾನೂ ಇರ್ಬೋದು, ಬರೀ ಇದರಿಂದ ಅಲ್ವಂತೆ, ಆದ್ರೂ ಇರ್ಬೋದಂತೆ, ನಿಕೋಲ ಗಿರಾಕಿಯ ಚೀಲದಲ್ಲಿ ಮೊಟ್ಟೆ ಎಲ್ಲಿಡಬೇಕು ಎಂದು ನೋಡುವಾಗ ಮಾಡುವ ಹಾಗೆ ಕತ್ತು ವಾಲಿಸಿ ಒಂದು ಕ್ಷಣ ಯೋಚಿಸಿದ, ಇತ್ತೇನೋ, ಆದ್ರೆ ಬೆಚ್ಚಗಿತ್ತಮ್ಮಾ, ಅಂದ, ಊಟಕ್ಕೇನಿದೆ.

ಇಪ್ಪತ್ತು ಇಂಚು ಇನ್ನೂ ಕೆಳಗೆ ಅಗೆಸಿದಳು ಮಾರ್ಲಿಸ್, ಡ್ವೇನ್ ಗೊಣಗಿಕೊಂಡೇ ಅಗೆದ, ಬಜೆಟ್ಟು ಯಾರಪ್ಪನ್ದು ಡಾಕ್ಟ್ರೇ, ನಮ್ಮಪ್ಪನ್ದು ಅಂದ್ಕೋ, ಅಗಿ, ಎರಡೂವರೆಗೆ ಮತ್ತೆ ಪಿಸ್ತೂಲು, ಮತ್ತೆ ಆ ಒಂದು ನಿಮಿಷ, ಮೂವತ್ತೆಂಟು, ಮೂವತ್ತೆಂಟು! ಕಿತ್ತಳೆ ಬಟ್ಟೆಯ ಸುರುಳಿ ಲಾರಿಯಿಂದ ಇಳಿಯಲೇ ಇಲ್ಲ, ಹೊಸಮಣ್ಣು ಬಿತ್ತು, ಕರ್ರಗಿನ ಮಣ್ಣು, ನದಿಯ ಆಚೆ ದಡದ್ದು, ಹಿಡಿಯಲ್ಲಿ ಹಿಸುಕಿದರೆ ಉಂಡೆಯಾಗಿ ಮತ್ತೆ ಮೆತ್ತಗೆ ಬಿಚ್ಚಿಕೊಳ್ಳುವಂಥದ್ದು, ಈಗ ಅವಳು ಬೀದಿಯಂಚಿಗೆ ನಿಲ್ಲಿಸಿದ ತನ್ನ ಗಾಡಿಯಲ್ಲಿ ಸ್ಟಿಯರಿಂಗಿಗೆ ಹಲಗೆಯನ್ನು ಆನಿಸಿಕೊಂಡು ಕಡೆಯ ಹಾಳೆ ತುಂಬುತ್ತಿದ್ದಾಳೆ, ಪಕ್ಕದ ಸೀಟಿನಲ್ಲಿ ಬಟ್ಟೆಯಲ್ಲಿ ಸುತ್ತಿದ ಇಡೀ ಪೊವಿಟಿತ್ಸಾ, ಬಿಸಿ ಇದೆ ಇನ್ನೂ, ಹಿತ್ತಿಲ ಸಂಖ್ಯೆ ಸಾವಿರದ ನೂರ ಹದಿಮೂರು, ಆಳ ಮೂರು ಅಡಿ ಎರಡು ಇಂಚು, ತಳದ ಅಂಕಿ ಮೂವತ್ತೆಂಟು, ಒಳ್ಳೆ ಕೆಲಸ ಕಣೇ ಮಾರ್ಲಿಸ್, ಸುಮ್ಮನೆ ಹೇಳಿಕೊಳ್ಳುತ್ತಿಲ್ಲ, ಒಳ್ಳೆ ಕೆಲಸ, ಹೊಟ್ಟೆ ತಣ್ಣಗಿದೆ, ಮುಂದಿನ ಖಾನೆ, ಅಗೆಯುವಾಗ ಸಿಕ್ಕ ವಸ್ತುಗಳು, ಉಣ್ಣೆಯ ತ್ಯಾಜ್ಯ ಎಂದು ಬರೆಯಬೇಕು, ಅಷ್ಟೇ ಬರೆಯುವುದು ಎಲ್ಲರೂ, ಉಣ್ಣೆಯ, ಎಂದು ಬರೆದಳು, ಪೆನ್ನು ನಿಂತಿತು, ಊಟಕ್ಕೇನಿದೆ ಅಂದನಲ್ಲ ಅವನು, ಆಮೇಲೆ ಬಾಕಾ ಕಂಬಳಿಯನ್ನು ತಾನೇ ಪ್ಲಾಸ್ಟಿಕ್ ಚೀಲದೊಳಗೆ ಇಳಿಸಿದಳು, ಕೈಗವಸು ಬಿಚ್ಚಿ ಅದನ್ನೂ ಅದರಲ್ಲೇ ಹಾಕಿದಳು, ತುದಿಗಾಲಲ್ಲಿ ನಿಂತು ಆ ಐವತ್ತಾರು ವರ್ಷದ ಮಗನ ಕಾಲರನ್ನು ಹೊರಗೆಳೆದು ಸರಿಮಾಡಿದಳು, ಸಾರ್ಮಾ ಇದೆ, ಕೋಸು ಸುತ್ತಿದ್ದು, ನಡಿ ಒಳಗೆ ಅಂತ ಗದರಿದಳು, ಗದರಿದಳು ಆದರೆ ಅವನನ್ನು ಹೋಗಗೊಡಲಿಲ್ಲ, ಉಣ್ಣೆಯ — ಆ ಕೈ, ಚರ್ಮ ಸುಕ್ಕುಗಟ್ಟಿದ, ಬೆರಳ ಸಂದಿಯಲ್ಲಿ ಹಿಟ್ಟು ಒಣಗಿದ ಕೈ, ಅವನ ಕಾಲರಿನ ಮೇಲೆ — ತಳದ ಅಂಕಿ ಬರೆದಾಯಿತು, ತಾರೀಖು ಹಾಕಬೇಕು — ಅವನು ತಲೆ ಸ್ವಲ್ಪ ಬಗ್ಗಿಸಿಕೊಟ್ಟ, ಅವಳಿಗೆ ಎಟುಕಲಿ ಎಂದು — ಡ್ವೇನ್ ಹಾರ್ನ್ ಹೊಡೆಯುತ್ತಿದ್ದಾನೆ, ಬೀರು, ಬಂದೆ ಇರಪ್ಪ — ಕಾಲರು ಸರಿಯಾಗಿಹೋಗಿತ್ತು, ಎರಡೂ ಕಡೆ ಸಮನಾಗಿ ಕೂತಿತ್ತು, ಆದರೂ ಆ ಕೈ, ಅಲ್ಲೇ, ಕಾಲರಿನ ಮೇಲೆ —